ಪಟ್ಟಿಗಳ ನಡುವಿನ ತುಕ್ಕು

“ಗುರುಗಳೇ, ಯಾರ ಹಂಗೂ ಇಲ್ಲದೆ ಬದುಕುವುದು ಸಾಧ್ಯವೇ?” ಎಂದು ಶಿಷ್ಯ ಕೇಳಿದ.

ಕೇಳಿದವನು ಎರಡು ತಿಂಗಳಿಂದ ಮಠದಲ್ಲಿ ಯಾರೊಡನೆಯೂ ಮಾತಾಡಿರಲಿಲ್ಲ. ತನ್ನ ನೀರು ತಾನೇ ಸೇದುತ್ತಿದ್ದ, ತನ್ನ ಗಂಜಿ ತಾನೇ ಬೇಯಿಸಿಕೊಳ್ಳುತ್ತಿದ್ದ. ಗುರುಗಳು ಜಗಲಿಯ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದರು. ಬಿಸಿಲು ಪಾದಕ್ಕೆ ಬಂದಿದ್ದರೂ ಜಾಗ ಬದಲಿಸಿರಲಿಲ್ಲ.

“ಸಾಧ್ಯ. ಹಾಗೆ ಬದುಕಿದವನೊಬ್ಬನ ಕತೆ ಇದೆ, ಕೂತುಕೋ,” ಎಂದರು. “ಇದು ನಿಜವಾಗಿ ನಡೆದದ್ದು. ನಡೆಯದ ಭಾಗವನ್ನು ನಾನು ಸೇರಿಸಿದ್ದೇನೆ.”

ನದಿಗೂ ಕಡಲಿಗೂ ನಡುವೆ ನಾಲಗೆಯಂತೆ ಚಾಚಿದ ಒಂದು ಮರಳದಿಬ್ಬ. ಅದರ ಮೇಲೆ ಎರಡೇ ಮನೆ. ಒಂದರಲ್ಲಿ ಒಬ್ಬ ಮೀನುಗಾರ, ಇನ್ನೊಂದರಲ್ಲಿ ಅವನ ನೆರೆಯವನು. ಇಬ್ಬರಿಗೂ ಒಂದೊಂದು ದೋಣಿ. ಮೀನುಗಾರನ ದೋಣಿ ಮೂರು ಮಾರು ಉದ್ದ. “ಹೋದ ವರ್ಷ ಈ ಕತೆ ಹೇಳಿದಾಗ ಎರಡು ಮಾರು ಎಂದಿದ್ದೆ,” ಎಂದರು ಗುರುಗಳು. “ಇರಲಿ, ಬೆಳೆದಿದೆ.”

ಆ ದಿಬ್ಬದಲ್ಲೊಂದು ಕಟ್ಟಳೆಯಿತ್ತು. ಕಡಲಿಂದ ಬಂದವನು ನೀರಿನ ಅಂಚಿನಲ್ಲಿ ನಿಂತು ಒಮ್ಮೆ ಕೂಗಬೇಕು. ಕೂಗು ಕಿವಿಗೆ ಬಿದ್ದವನು ಇದ್ದಂತೆಯೇ ಎದ್ದು ಬರಬೇಕು. ಉಣ್ಣುತ್ತಿದ್ದರೆ ಎಂಜಲುಗೈಯಲ್ಲೇ ಬರಬೇಕು. ಇಬ್ಬರೂ ಹೆಗಲು ಕೊಟ್ಟು ದೋಣಿಯನ್ನು ದಡಕ್ಕೆ ಏರಿಸಬೇಕು.

ಒಂದು ದಿನ ಮೀನುಗಾರ ಕೂಗಿದ. ನೆರೆಯವನು ಬಂದ. ಆದರೆ ಉಂಡು, ಕೈ ತೊಳೆದು, ಎಲೆಯಡಿಕೆ ಹಾಕಿಕೊಂಡು ಬಂದ. ಮೀನುಗಾರ ಅವನೊಡನೆ ದೋಣಿ ಏರಿಸಿ ಮನೆಗೆ ಹೋದ. ಮುಂದಿನ ವಾರ ಪೇಟೆಗೆ ಹೋಗಿ ದೋಣಿ ಎಳೆಯಲು ಎರಡು ಗಾಲಿಯ ಗಾಡಿಯೊಂದನ್ನು ಮಾಡಿಸಿಕೊಂಡು ಬಂದ. ಅದರ ಅಡಿಗೆ ಕಮ್ಮಾರ ಹಳೆಯ ಜೀಪಿನಿಂದ ಕಿತ್ತ ಸ್ಪ್ರಿಂಗ್ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕೂರಿಸಿದ್ದ. ಗಾಡಿಯನ್ನು ನೀರಿಗಿಳಿಸಿ, ಮೇಲೆ ದೋಣಿ ಕೂರಿಸಿ, ದಡದ ಕಂಬಕ್ಕೆ ಕಟ್ಟಿದ, ಹಗ್ಗ ಸುತ್ತುವ ರಾಟೆ ತಿರುಗಿಸಿದರೆ ಒಬ್ಬನೇ ಸಾಕು. ಇನ್ನು ಅವನಿಗೆ ಕೂಗುವ ಕೆಲಸವಿರಲಿಲ್ಲ.

ಗಾಡಿ ಕೊಡುವಾಗ ಕಮ್ಮಾರ ಹೇಳಿದ್ದ: “ಉಪ್ಪುನೀರಿಗೆ ಇಳಿಯುವ ಗಾಡಿ, ಮಾರಾಯ. ದಿನಾ ಸಿಹಿನೀರು ಹೊಯ್ದು ತೊಳೆ. ವರ್ಷಕ್ಕೊಮ್ಮೆ ಪಟ್ಟಿಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ನಡುನಡುವೆ ಗ್ರೀಸ್ ಹಚ್ಚು. ಆದರೆ ಒಬ್ಬನೇ ಬಿಚ್ಚಬೇಡ. ಬೋಲ್ಟ್ ಸಡಿಲವಾದ ಕೂಡಲೇ ಪಟ್ಟಿ ಚಿಮ್ಮಿ ಮುಖಕ್ಕೇ ಬರುತ್ತದೆ. ಒಬ್ಬ ಅದುಮಿ ಹಿಡಿಯಬೇಕು, ಇನ್ನೊಬ್ಬ ತಿರುಗಿಸಬೇಕು.”

ಮೀನುಗಾರ ಮೊದಲ ಮಾತನ್ನು ಪಾಲಿಸಿದ. ದಿನಾ ಬಾವಿಯಿಂದ ಹತ್ತು ಕೊಡ ನೀರು ತಂದು ಹೊಯ್ದ. ಎರಡನೆಯ ಮಾತಿಗೆ ಇನ್ನೊಬ್ಬ ಬೇಕಿತ್ತು. ಅದರ ಬದಲು ವರ್ಷಕ್ಕೊಮ್ಮೆ ಪಟ್ಟಿಗಳಿಗೆ ಹೊರಗಿನಿಂದಲೇ ದಪ್ಪಗೆ ಕೆಂಪು ಬಣ್ಣ ಬಳಿದ. ಗಾಡಿ ಮದುವೆಗೆ ಹೊರಟಂತಿತ್ತು. ನೋಡುವವರು ಯಾರೂ ಇರಲಿಲ್ಲ.

ನೆರೆಯವನ ಕೂಗು ಇನ್ನೂ ಕೆಲವು ದಿನ ಕೇಳುತ್ತಿತ್ತು. ಆಗೆಲ್ಲ ಮೀನುಗಾರ ಗಾಡಿ ತೊಳೆಯಲು ಶುರುಮಾಡುತ್ತಿದ್ದ. ನೀರಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಬಹುದಿತ್ತು. ಆಮೇಲೆ ನೆರೆಯವನೂ ಒಂದು ಗಾಡಿ ತಂದ. ದಿಬ್ಬದ ಮೇಲೆ ಮನುಷ್ಯರ ದನಿ ನಿಂತುಹೋಯಿತು.

ಮೊದಮೊದಲು ಮೀನುಗಾರ ಗಾಡಿಯೊಡನೆ ಮಾತಾಡುತ್ತಿದ್ದ. ಪಟ್ಟಿಗಳು ಕಿರುಗುಟ್ಟಿ ಉತ್ತರ ಕೊಡುತ್ತಿದ್ದವು. ಬರಬರುತ್ತ ಅವು ಒಂದಕ್ಕೊಂದು ಬಿಗಿದುಕೊಂಡು ಸುಮ್ಮನಾದವು. ಗಾಡಿ ಕೊನೆಗೂ ಪಳಗಿತು ಎಂದುಕೊಂಡ.

ನಾಲ್ಕನೆಯ ವರ್ಷದ ಒಂದು ಮಧ್ಯಾಹ್ನ ದೋಣಿ ಹೊತ್ತ ಗಾಡಿ ಅರ್ಧ ದಡ ಏರಿದ್ದಾಗ ಪಟ್ಟಿಗಳು ಮುರಿದವು. ಗಾಡಿ ಒಂದು ಬದಿಗೆ ಕುಸಿದು ಮರಳಲ್ಲಿ ಹೂತುಕೊಂಡಿತು. ಉಬ್ಬರ ಏರುತ್ತಿತ್ತು. ದೋಣಿಯನ್ನು ಬೇಗ ಮೇಲೆತ್ತದಿದ್ದರೆ ಅಲೆಗಳು ಅದನ್ನು ಮಗುಚಿ ಒಡೆಯುತ್ತಿದ್ದವು. ಆ ದೋಣಿ ಬಿಟ್ಟರೆ ಅವನಿಗೆ ಬೇರೆ ಅನ್ನವಿರಲಿಲ್ಲ.

ಅವನು ಹೆಗಲು ಕೊಟ್ಟ. ದೋಣಿ ಅಲುಗಲಿಲ್ಲ. ಕೂಗಲು ಬಾಯಿ ತೆರೆದ. ಕೆಮ್ಮು ಬಂತು. ಅಷ್ಟು ವರ್ಷ ಕೂಗದ ಗಂಟಲು ದನಿ ಎತ್ತುವುದನ್ನೇ ಮರೆತಿತ್ತು. ನೀರು ಮೊಣಕಾಲಿಗೆ ಬಂದಾಗ ಅವನಿಂದ ಒಂದು ಸದ್ದು ಹೊರಟಿತು. “ನಾಯಿ ಊಳಿಟ್ಟಂತಿತ್ತು ಎಂದು ಕೇಳಿದವರು ಹೇಳುತ್ತಾರೆ,” ಎಂದರು ಗುರುಗಳು. “ಕೇಳಿದವರು ಯಾರು ಎಂದು ನನ್ನನ್ನು ಕೇಳಬೇಡ.”

ನೆರೆಯವನು ಓಡಿ ಬಂದ. ಅವನ ಬಲಗೈ ಬೆರಳುಗಳಲ್ಲಿ ಅನ್ನದ ಅಗುಳು ಅಂಟಿತ್ತು.

ಇಬ್ಬರೂ ಹೆಗಲು ಕೊಟ್ಟರು. ದೋಣಿ ಗಾಡಿಯಿಂದ ಜಾರಿ, ಮರಳು ಏರಿ, ನೀರು ಮುಟ್ಟದ ಜಾಗಕ್ಕೆ ಬಂತು. ಇಳಿತವಾದ ಮೇಲೆ ಗಾಡಿಯನ್ನೂ ಎಳೆದು ತಂದರು. ನೆರೆಯವನು ಅದುಮಿ ಹಿಡಿದ, ಮೀನುಗಾರ ಎಣ್ಣೆ ಬಿಟ್ಟು ಬೋಲ್ಟ್ ತಿರುಗಿಸಿದ. ಹೊರಗೆ ಕೆಂಪು ಬಣ್ಣ ಹಾಗೆಯೇ ಹೊಳೆಯುತ್ತಿತ್ತು. ನಡುವೆ ಉಪ್ಪು ಕೂತು, ಕಬ್ಬಿಣ ಪದರ ಪದರವಾಗಿ ಎದ್ದು, ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು.

“ಅವತ್ತು ತಡವಾಗಿ ಬಂದೆ ಅಂತ ತಾನೇ?” ಎಂದ ನೆರೆಯವನು.

ಮೀನುಗಾರ ಅಂಗೈಯ ತುಕ್ಕನ್ನು ಕೊಡವಿಕೊಂಡ. “ನಿನ್ನ ಗಾಡಿ ಹೇಗಿದೆ?” ಎಂದು ಕೇಳಿದ.

“ನನ್ನದಕ್ಕೆ ಹಸಿರು ಬಣ್ಣ ಹೊಡೆದಿದ್ದೇನೆ,” ಎಂದ ನೆರೆಯವನು.

ಕತೆ ಅಲ್ಲಿಗೆ ನಿಂತಿತು. ಶಿಷ್ಯ, “ಹಾಗಾದರೆ ಸಾಧ್ಯವಿಲ್ಲ ಎಂದಾಯಿತಲ್ಲ, ಗುರುಗಳೇ?” ಎಂದ.

“ಸಾಧ್ಯ ಎಂದೆನಲ್ಲ. ನಾಲ್ಕು ವರ್ಷ ಬದುಕಿದ.”

ಶಿಷ್ಯ ಮತ್ತೆ ಏನೋ ಕೇಳಲು ಹೊರಟ. ಅಷ್ಟರಲ್ಲಿ ಗುರುಗಳು ಅವನತ್ತ ಕೈ ಚಾಚಿದರು.

“ಎಬ್ಬಿಸಪ್ಪ, ಬೆಳಗಿನಿಂದ ಮೊಣಕಾಲು ಹಿಡಿದುಕೊಂಡಿದೆ, ಕೂಗಲು ನನಗೂ ನಾಚಿಕೆಯಾಯಿತು.”