ಅಂತರಪಟಕ್ಕೆ ಮುಂಚೆ ಕೊಂಡ ಚೀಲ

ಸಣ್ಣ ಮೈಕಟ್ಟಿನ ನೀಲವ್ವ ಮದುವೆಗಳ ಫೋಟೊ ತೆಗೆಯುವವಳು. ಹಿಂದಿನ ಮದುವೆಯಲ್ಲಿ ಭಾರದ ಚೀಲ ಹೊತ್ತು ಏಳುವಷ್ಟರಲ್ಲಿ ಅಂತರಪಟ ಸರಿದುಹೋಗಿತ್ತು. ನಾಳೆಯ ಮದುವೆಯಲ್ಲಿ ಹಾಗಾಗಬಾರದೆಂದು ಹೊಸ ಚೀಲಕ್ಕಾಗಿ ಅಂಗಡಿಗೆ ಬಂದಳು.

"ನನಗೆ ಹದಿನಾರು ಜೇಬು, ತಾಯಿ! ಮನೆಯನ್ನೇ ತುಂಬು," ಎಂದಿತು ದೊಡ್ಡ ಚೀಲ.

"ನನ್ನಲ್ಲಿ ಕ್ಯಾಮೆರಾ, ಒಂದು ಲೆನ್ಸು, ಅಷ್ಟೇ ಹಿಡಿದೀತು," ಎಂದಿತು ಸಣ್ಣ ಚೀಲ.

ನೀಲವ್ವನ ಕಣ್ಣು ಜೇಬುಗಳ ಮೇಲೆಯೇ ಇತ್ತು. ಕೊರಳಲ್ಲಿದ್ದ ಕ್ಯಾಮೆರಾ, "ಅವ್ವಾ, ಮಂಟಪದ ಮುಂದೆ ಕುಕ್ಕುರುಗಾಲಲ್ಲಿ ಕೂರುವವಳು ನೀನು. ಹೊತ್ತು ಕೂತು ನೋಡು," ಎಂದಿತು.

ದೊಡ್ಡದನ್ನು ಹೊತ್ತು ಕೂತವಳು ಆಮೆಯಂತೆ ಅಂಗಾತ ಬಿದ್ದಳು. ಬಿದ್ದಲ್ಲೇ ಹೊಟ್ಟೆ ಹಿಡಿದು ನಕ್ಕಳು. ಸಣ್ಣದನ್ನು ಹಾಕಿಕೊಂಡು ಕೂತಳು, ಎದ್ದಳು, ಮತ್ತೆ ಕೂತಳು.

"ಭಾರವಾದೆನೇ, ತಾಯಿ?" ಎಂದಿತು ಸಣ್ಣ ಚೀಲ.

"ಅಯ್ಯೋ, ನೀನಿರುವುದೇ ಮರೆತುಹೋಗಿತ್ತು ಕಣೇ!"

ಮರುದಿನ, ದೇವರ ದಯೆ, ಅಂತರಪಟ ಸರಿದಾಗ ಮದುಮಗಳ ನಗುವನ್ನು ಮದುಮಗನಿಗಿಂತ ಮೊದಲು ಕ್ಯಾಮೆರಾ ನೋಡಿತ್ತು.