ಚಳಿಯನ್ನು ಕಾಯಿಸಿದ ಅಕ್ಕಯಮ್ಮ

ಮಾನ್ಯರೇ, ನನ್ನ ಅಕ್ಷರ ಓರೆಕೋರೆ, ಮಾತು ಅದಕ್ಕಿಂತಲೂ ಓರೆಕೋರೆ. ನಾನು ಶಾಲೆಗೆ ಹೋದದ್ದು ಮೂರನೆಯ ತರಗತಿಯವರೆಗೆ. ಅದರಲ್ಲಿಯೂ ಒತ್ತಕ್ಷರ ಕಲಿಸಿದ ವಾರ ನನಗೆ ಜ್ವರ ಬಂದಿತ್ತು. ಕತೆ ಹೇಳಿ ಅಭ್ಯಾಸವುಂಟು, ಬರೆದು ಅಭ್ಯಾಸವಿಲ್ಲ. ಒಲೆಯ ಮುಂದೆ ಕುಳಿತವರಂತೆ ತಾವು ನಡುನಡುವೆ ಹೂಂ ಎನ್ನುತ್ತಿರಬೇಕು. ಹೂಂಗುಟ್ಟುವವರಿಲ್ಲದಿದ್ದರೆ ಕತೆಯು ದಾರಿ ತಪ್ಪುತ್ತದೆ.

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದನು. ಅವನಿಗೆ ಕೋಟೆಯಿತ್ತು, ಆನೆಯಿತ್ತು, ಶತ್ರುಗಳೂ ಇದ್ದರು. ಅವುಗಳ ಚಿಂತೆ ಅವನಿಗಿರಲಿಲ್ಲ. ಅವನ ಚಿಂತೆಯೆಲ್ಲ ತನ್ನ ಮೂಗಿನ ತುದಿಯದು. ಪ್ರತಿದಿನ ಬೆಳಿಗ್ಗೆ ಮಂತ್ರಿಯು ಕೈ ತೊಳೆದುಕೊಂಡು ಬಂದು ಆ ತುದಿಯನ್ನು ಮುಟ್ಟಿ ನೋಡಬೇಕು. ಮೂಗು ಬೆಚ್ಚಗಿದ್ದರೆ ಪ್ರಜೆಗಳಿಗೆ ಕೆಲಸ. ಮೂಗು ತಣ್ಣಗಿದ್ದರೆ ಪ್ರಜೆಗಳಿಗೆ ರಜೆ. ಎಷ್ಟು ದಿನ ತಣ್ಣಗಿರುವುದೋ ಅಷ್ಟು ದಿನವೂ ರಜೆ. ಆಗ ಡಂಗುರ ಹೊಡೆದು ಸಾರುತ್ತಿದ್ದರು: "ಎಲ್ಲರೂ ಬಂಧುಗಳೊಡನೆ, ಸ್ನೇಹಿತರೊಡನೆ ತಂತಮ್ಮ ಬೆಟ್ಟದ ಬಂಗಲೆಗೆ ಹೋಗಿ ಚಳಿ ಕಾಯಿಸತಕ್ಕದ್ದು."

ಆ ರಾಜ್ಯದಲ್ಲಿ ವಂಶಕ್ಕೊಂದು ಬೆಟ್ಟ, ಬೆಟ್ಟಕ್ಕೊಂದು ಬಂಗಲೆ.

ನೆಗಡಿಗುಡ್ಡ ಎಂಬ ಬೆಟ್ಟದ ಬಂಗಲೆಯನ್ನು ಅಕ್ಕಯಮ್ಮ ಎಂಬವಳು ನೋಡಿಕೊಳ್ಳುತ್ತಿದ್ದಳು. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ತಮ್ಮ ಸಿದ್ದಯ್ಯ, ಅವನ ಹೆಂಡತಿ ಮಾದೇವಿ, ಬಾಲ್ಯದ ಗೆಳತಿ ಚೌಡಮ್ಮ, ಇವರು ಮೂವರೇ ಅವಳ ಜನ. ಅವರು ಬರುವುದು ರಾಜನ ಮೂಗು ತಣ್ಣಗಾದಾಗ ಮಾತ್ರ. ಮಿಕ್ಕ ದಿನಗಳಲ್ಲಿ ಅವಳು ಬಾಗಿಲೊಡನೆ ಮಾತನಾಡುತ್ತಿದ್ದಳು. ಬಾಗಿಲು ಕಿರ್ ಎನ್ನುತ್ತಿತ್ತು. ಅದಕ್ಕೆ ಅದೊಂದೇ ಮಾತು ಬರುತ್ತಿತ್ತು. ಆದರೆ ಅದನ್ನು ಯೋಚಿಸಿ ಹೇಳುತ್ತಿತ್ತು.

ಆ ವರ್ಷವೂ ಮೂಗು ತಣ್ಣಗಾಯಿತು. ಅಕ್ಕಯಮ್ಮ ಕಂಬಳಿಗಳನ್ನು ಬಿಸಿಲಿಗೆ ಹಾಕಿದಳು. ಒಂದು ಮೂಟೆ ಅವರೆಕಾಯಿ ತರಿಸಿದಳು. ಎಲ್ಲರೂ ಸುತ್ತ ಕುಳಿತು ಸುಲಿಯಲಿ, ಸುಲಿಯುತ್ತ ಮಾತನಾಡಲಿ, ಮಾತು ಮುಗಿಯದಿರಲಿ ಎಂದು ದೊಡ್ಡ ಮೂಟೆಯನ್ನೇ ತರಿಸಿದ್ದಳು.

ಮೂವರೂ ಏದುಸಿರು ಬಿಡುತ್ತ ಬಂದರು. ಚೌಡಮ್ಮ ಮೆಟ್ಟಿಲ ಮೇಲೆ ಕುಸಿದು ಕುಳಿತು, "ನಿನ್ನ ಬೆಟ್ಟ ಹೋದ ವರ್ಷಕ್ಕಿಂತ ಉದ್ದ ಬೆಳೆದದೆ ಕಣೆ ಅಕ್ಕಯ್ಯ, ತುದಿ ಕತ್ತರಿಸಬಾರ್ದಾ?" ಎಂದಳು. ಕತ್ತರಿಸಿದರೆ ತಾನು ವಾಸಿಸುವುದೆಲ್ಲಿ ಎಂದು ಅಕ್ಕಯಮ್ಮ ಕೇಳಿದಳು. ಎಲ್ಲರೂ ನಕ್ಕರು. ಆ ನಗುವನ್ನು ಕೇಳಿ ಅಕ್ಕಯಮ್ಮನಿಗೆ ಅರ್ಧ ಹೊಟ್ಟೆ ತುಂಬಿತು. ಸಿದ್ದಯ್ಯ ಬೆಂಕಿ ಹೊತ್ತಿಸಿ, ಬನ್ನಿ, ಚಳಿ ಕಾಯಿಸೋಣ ಎಂದು ಕರೆದನು.

ಕಿರ್, ಎಂದಿತು ಬಾಗಿಲು.

ಹೊಸ್ತಿಲಿನಾಚೆ ಒಬ್ಬ ಉದ್ದನೆಯ ಆಸಾಮಿ ನಿಂತಿದ್ದನು. ಬಿಳಿಯ ಪಂಚೆ, ಬರಿಗಾಲು, ಹೆಗಲ ಮೇಲೆ ಖಾಲಿ ಚೀಲ. "ನಾನು ಚಳಿ" ಎಂದಿತು ಅದು. "ವರ್ಷಾವರ್ಷವೂ ಡಂಗುರ ಕೇಳುತ್ತಿದ್ದೇನೆ. ಸಂಕೋಚದಿಂದ ಬಂದಿರಲಿಲ್ಲ. ಈ ಸಲ ಧೈರ್ಯ ಮಾಡಿದೆ. ನನ್ನನ್ನು ಕಾಯಿಸಬೇಕೆಂದು ಅಪ್ಪಣೆಯಾಗಿದೆಯಂತೆ. ಎಲ್ಲಿ ಕೂರಲಿ?"

ಅಪ್ಪಣೆ ಅಪ್ಪಣೆಯೇ. ಅದನ್ನು ಚಾಪೆಯ ಮೇಲೆ ಬೆಂಕಿಯ ಪಕ್ಕಕ್ಕೆ ಕೂರಿಸಿದರು. ಕೂರಿಸಿದೊಡನೆ ಬೆಂಕಿಗೆ ನಡುಕ ಬಂದಿತು. ತನಗೊಂದು ಕಂಬಳಿ ಬೇಕೆಂದು ಬೆಂಕಿ ಕೇಳಿತು. ಕಂಬಳಿ ಹೊದಿಸಿದರು. ಬೆಂಕಿಯು ಮರ್ಯಾದಸ್ಥನಾದ ಕಾರಣ ಕಂಬಳಿಯನ್ನು ಸುಡಲಿಲ್ಲ. ಸುಡದ ಬೆಂಕಿಯಿಂದ ಬೆಚ್ಚಗಾಗುವುದೆಂತು? ಅಕ್ಕಯಮ್ಮ ಮೊದಲೇ ಸುಲಿದು ಮಡಕೆಗೆ ಹಾಕಿದ್ದ ಅವರೆಕಾಳುಗಳು, ಚಳಿಯಾಗುತ್ತದೆ, ನಾವು ಸಿಪ್ಪೆಯೊಳಗೆ ಹಿಂದಿರುಗುತ್ತೇವೆ ಎಂದು ಹಟ ಹಿಡಿದವು. ಮಾದೇವಿಯ ಮೇಲಿನ ಹಲ್ಲುಗಳೂ ಕೆಳಗಿನ ಹಲ್ಲುಗಳೂ ಜಗಳಕ್ಕೆ ಬಿದ್ದವು. ಆಕೆ ಗಂಡನಿಗೆ ಸನ್ನೆ ಮಾಡಿದಳು.

ಸಿದ್ದಯ್ಯ ಮಾತಿನಲ್ಲಿ ಬಲು ಜಾಣ. ಅವನು ಗಂಟಲು ಸರಿಪಡಿಸಿಕೊಂಡು ಹೇಳಿದನು: "ಸ್ವಾಮಿ, ಅಪ್ಪಣೆ ಏನಂತ ಇರೋದು? ಕಾಯಿಸಿ ಅಂತ. ಬೆಂಕೀಲೇ ಕಾಯಿಸಿ ಅಂತ ಯಾರೂ ಹೇಳಿಲ್ಲ. ಬಾಗಿಲ ಹೊರಗೆ ನಿಲ್ಲಿಸಿ ಕಾಯಿಸಿದರೂ ಕಾಯಿಸಿದ ಹಾಗೇ ಅಲ್ವಾ?"

ಚಳಿಯು ಬಹಳ ಹೊತ್ತು ಯೋಚಿಸಿತು. ಅದು ಮಾತಿಗೆ ತಪ್ಪದ ಜಾತಿ. ತನ್ನ ಚೀಲವನ್ನು ಎತ್ತಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತು ಕಾಯತೊಡಗಿತು. ಸಿದ್ದಯ್ಯನನ್ನು ಎಲ್ಲರೂ ಹೊಗಳಿದರು. ಅಕ್ಕಯಮ್ಮನೂ ಹೊಗಳಿದಳು.

ಆದರೆ ಕೇಳಿ. ಮೆಟ್ಟಿಲ ಮೇಲೆ ನಿಂತ ಚಳಿಯು ರಾಜನ ಮೂಗಿನ ಮೇಲೆ ಇರುವುದೆಂತು? ಒಂದು ಚಳಿ, ಒಂದು ಸ್ಥಳ. ಮಂತ್ರಿಯು ಮುಟ್ಟಿ ನೋಡಿದನು, ಮೂಗು ಬೆಚ್ಚಗಿತ್ತು. ಇನ್ನೊಮ್ಮೆ ಮುಟ್ಟಿದನು, ಇನ್ನೂ ಬೆಚ್ಚಗಿತ್ತು. ಮಧ್ಯಾಹ್ನದೊಳಗೆ ಬೆಟ್ಟದ ಕೆಳಗೆ ಡಂಗುರ ಕೇಳಿಸಿತು: ರಜೆ ಮುಗಿಯಿತು, ಎಲ್ಲರೂ ಕೆಲಸಕ್ಕೆ.

ಬಂದವರು ಬಿಚ್ಚದ ಗಂಟುಗಳನ್ನು ಹಾಗೆಯೇ ಎತ್ತಿಕೊಂಡರು. ಒಂದು ಹಿಡಿ ಅವರೆಯನ್ನೂ ಸುಲಿದು ಮುಗಿಸಿರಲಿಲ್ಲ. ಊಟ ಮಾಡಿಯಾದರೂ ಹೋಗಿರೆಂದು ಅಕ್ಕಯಮ್ಮ ಬೇಡಿಕೊಂಡಳು. ಕಾಳು ಬೇಯುವುದಿಲ್ಲವೆಂದು ಮಾದೇವಿ ನೆನಪಿಸಿದಳು. ಚೌಡಮ್ಮ ಗೆಳತಿಯ ಗಲ್ಲ ಹಿಡಿದು, "ಮುಂದಿನ ಮೂಗಿಗೆ ಬರ್ತೀವಿ ಕಣೆ, ಬೇಜಾರು ಮಾಡ್ಕೋಬೇಡ" ಎಂದಳು. ಮೆಟ್ಟಿಲ ಮೇಲೆ ನಿಂತಿದ್ದ ಚಳಿಯನ್ನು ಸುತ್ತಿ ಬಳಸಿ ಮೂವರೂ ಇಳಿದುಹೋದರು.

ಅಕ್ಕಯಮ್ಮ ಚಳಿಯ ಮುಂದೆ ಕೈಮುಗಿದಳು. "ನಿನ್ನ ದಮ್ಮಯ್ಯ ಅಂತೀನಿ. ಓಡಿ ಹೋಗಿ ರಾಜನ ಮೂಗಿನ ಮೇಲೆ ಕೂತ್ಕೊ. ಅವರು ಇನ್ನೂ ಅರ್ಧ ಬೆಟ್ಟವೂ ಇಳಿದಿರಲ್ಲ. ನೀನು ಕೂತರೆ ಹಿಂದಕ್ಕೆ ಬಂದೇ ಬರ್ತಾರೆ."

"ಕಾಯಿಸಿದ ಮೇಲೆ ಹೋಗುತ್ತೇನೆ, ಅಕ್ಕಯ್ಯ. ಅಪ್ಪಣೆ ಅಪ್ಪಣೆಯೇ."

ಹಾಗಾದರೆ ಬೇಗ ಕಾಯಿಸೋಣವೆಂದು ಅವಳು ಅದನ್ನು ಒಳಗೆ ಕರೆತಂದಳು. ಬೆಂಕಿಯ ಕಂಬಳಿ ತೆಗೆದು ಚಳಿಗೆ ಹೊದಿಸಿದಳು. ಕಂಬಳಿ ಕಳೆದುಕೊಂಡ ಬೆಂಕಿಗೆ ಸಿಟ್ಟು ಬಂದು ಅದು ಉರಿಯತೊಡಗಿತು. ಅದರ ಮೇಲೆ ಮೆಣಸು ಜೀರಿಗೆಯ ಕಷಾಯ ಕಾಯಿಸಿ ಒಂದು ಲೋಟ ಕೊಟ್ಟಳು. ಚಳಿಯು ಲೋಟವನ್ನು ಎರಡೂ ಕೈಗಳಿಂದ ಹಿಡಿದು ಕುಡಿಯಿತು. ಸೂರಿನವರೆಗೆ ಇದ್ದ ಅದರ ಎತ್ತರ ಅವಳ ಭುಜದವರೆಗೆ ಇಳಿಯಿತು. ಎರಡನೆಯ ಲೋಟ ಕುಡಿಯಿತು. ಅವಳ ಮೊಣಕಾಲಿನವರೆಗೆ ಬಂದಿತು.

ಆಗ ಅಕ್ಕಯಮ್ಮನಿಗೆ ಲೆಕ್ಕ ಹೊಳೆಯಿತು. ಮೂರನೆಯ ಲೋಟಕ್ಕೆ ಚಳಿಯೇ ಇರುವುದಿಲ್ಲ. ಚಳಿಯಿಲ್ಲದಿದ್ದರೆ ಮೂಗು ತಣ್ಣಗಾಗುವುದಿಲ್ಲ. ಮೂಗು ತಣ್ಣಗಾಗದಿದ್ದರೆ ರಜೆಯಿಲ್ಲ. ರಜೆಯಿಲ್ಲದಿದ್ದರೆ ಈ ಬೆಟ್ಟವನ್ನು ಯಾರೂ ಎಂದಿಗೂ ಹತ್ತುವುದಿಲ್ಲ. ಅವಳು ಮೂರನೆಯ ಲೋಟವನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಮೊದಲ ಸಲ ತಮ್ಮನ ಜಾಣತನವನ್ನು ಸಾಲ ತಂದಳು.

"ನೋಡಪ್ಪ, ನನ್ನ ತಮ್ಮ ಹೇಳಿದ್ದೂ ಸರಿಯೇ. ಬಾಗಿಲಲ್ಲಿ ನಿನ್ನನ್ನ ಕಾಯಿಸಿದ್ದಾಯಿತಲ್ಲ. ಅಪ್ಪಣೆ ಮುಗೀತು. ಇನ್ನು ಹೋಗು."

"ಹೌದೇ?" ಎಂದು ಚಳಿಯು ತಲೆಯೆತ್ತಿ ನೋಡಿತು. "ಹಾಗಾದರೆ ನಿನ್ನನ್ನು ಅವರು ವರ್ಷವೆಲ್ಲ ಕಾಯಿಸುತ್ತಾರಲ್ಲ. ಬೆಚ್ಚಗಾಯಿತೇ, ಅಕ್ಕಯ್ಯ?"

ಅದು ಕುಹಕದಿಂದ ಕೇಳಲಿಲ್ಲ. ಅದಕ್ಕೆ ನಿಜವಾಗಿಯೂ ತಿಳಿಯಬೇಕಾಗಿತ್ತು.

ಅಕ್ಕಯಮ್ಮ ಬಾಗಿಲ ಕಡೆ ನೋಡಿದಳು. ಅವಳು ಬೆನ್ನ ಹಿಂದಿನ ಲೋಟವನ್ನು ಮುಂದಕ್ಕೆ ತಂದು, ಬಾಯಿ ಸುಟ್ಟೀತೆಂದು ಊದಿ ಊದಿ, ಮಗುವಿಗೆ ಕುಡಿಸುವಂತೆ ಕುಡಿಸಿದಳು.

"ಈಗ ಬೆಚ್ಚಗಾಯಿತು" ಎಂದಿತು ಚಳಿ. ಅಷ್ಟೇ. ಕಂಬಳಿಯು ಮೆಲ್ಲಗೆ ನೆಲಕ್ಕೆ ಕುಸಿಯಿತು. ಚಾಪೆಯ ಮೇಲೆ ಅಂಗೈಯಗಲದ ತೇವ ಉಳಿಯಿತು. ಅಕ್ಕಯಮ್ಮ ಒರೆಸಲು ಬಟ್ಟೆ ತಂದಳು, ಒರೆಸಲಿಲ್ಲ. ಅದು ಆರುವವರೆಗೂ ಪಕ್ಕದಲ್ಲಿ ಕುಳಿತು ಒಬ್ಬಳೇ ಅವರೆಕಾಯಿ ಸುಲಿದಳು. ಮೂಟೆಯು ಬಹಳ ದೊಡ್ಡದಿತ್ತು.

ಮಂತ್ರಿಯು ದಿನವೂ ಮುಟ್ಟಿ ಮುಟ್ಟಿ ರಾಜನ ಮೂಗು ಸವೆಯಿತೇ ಹೊರತು ತಣ್ಣಗಾಗಲಿಲ್ಲ. ಈಗ ನಮ್ಮ ನಿಮ್ಮ ಊರಿಗೆ ಬರುವುದು ಆ ಚಳಿಯಲ್ಲ, ಅದರ ತಂಗಿ. ಅವಳು ಯಾರ ಅಪ್ಪಣೆಗೂ ಬಗ್ಗುವವಳಲ್ಲ.

ಈ ಕತೆಯ ನೀತಿಯೇನೆಂದರೆ, ಯಾರನ್ನಾದರೂ ಕಾಯಿಸುವ ಮುನ್ನ ಯಾವ ಕಾಯಿಸುವುದೆಂದು ಕೇಳಿ ತಿಳಿದುಕೊಳ್ಳತಕ್ಕದ್ದು. ಕತೆಯು ಬೆಟ್ಟ ಇಳಿಯಿತು, ನಾನು ಲೇಖನಿ ಇಳಿಸಿದೆನು. ತಪ್ಪುಗಳು ಬಹಳ ಇರುತ್ತವೆ. ಓದಿದವರು ದಯವಿಟ್ಟು ಕ್ಷಮಿಸಬೇಕು.