ಕವಲೂರಿನ ಗಡಿ ನಡಿಗೆ

ಕವಲೂರು ನಮ್ಮದು ಎಂದು ಮೂಡಣ ನಾಡಿನ ಹೆಗ್ಗಡೆ ಹೇಳುತ್ತಿದ್ದ. ಅಲ್ಲ, ನಮ್ಮದು ಎಂದು ಪಡುವಣ ನಾಡಿನ ಹೆಗ್ಗಡೆ. ಇಬ್ಬರೂ ಕದ್ದುಮುಚ್ಚಿ ಗಡಿಕಲ್ಲು ಕಿತ್ತು, ಊರಿನ ಆಚೆ ನೆಟ್ಟು ಬರುತ್ತಿದ್ದದ್ದು ತಲೆಮಾರುಗಳ ಕಥೆ.

ಆ ವರ್ಷ ಊರಿಗೆ ಮೈಮೇಲೆ ಗುಳ್ಳೆಯೇಳುವ ಜ್ವರ ಬಂತು. ಕಲ್ಲುಗಳು ತಾವಾಗಿಯೇ ಕಾಲು ಬಂದಂತೆ ಹಿಂದಕ್ಕೆ ಸರಿದವು. ಹೆಗ್ಗಡೆಗಳಿಬ್ಬರೂ ಮೊದಲ ಸಲ ಒಂದೇ ಮಾತು ಆಡಿದರು: ಕವಲೂರು ನಮ್ಮದಲ್ಲ, ಅವರದು.

ಯಾರದೂ ಅಲ್ಲದ ಊರಿಗೆ ಅಕ್ಕಿ ಕಳಿಸುವವರಿಲ್ಲ, ವೈದ್ಯರನ್ನು ಕಳಿಸುವವರಿಲ್ಲ. ಎರಡೂ ಕಡೆ ಕಾವಲು ನಿಂತಿತು. ಹೊರಗೆ ಬಂದವರನ್ನು ಕೋಲು ಬೀಸಿ ಒಳಗೆ ಅಟ್ಟುತ್ತಿದ್ದರು.

ಇಂಥ ವ್ಯಾಜ್ಯಕ್ಕೆ ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಹೊಳೆದಂಡೆಯ ಆಶ್ರಮದವರು ಯಾವ ನಾಡಿಗೂ ಸೇರಿದವರಲ್ಲ. ಅವರಲ್ಲೊಬ್ಬರು ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು ನಡೆಯಬೇಕು. ನಡೆದ ದಾರಿಯೇ ಗಡಿ. ಆದರೆ ಮುಂದಿನ ಹುಣ್ಣಿಮೆಯೊಳಗೆ ನಡೆದವರು ಕಾಯಿಲೆ ಬಿದ್ದರೆ ನಡಿಗೆ ಸುಳ್ಳು, ಗಡಿಯೂ ಸುಳ್ಳು.

ಇಬ್ಬರು ಹೆಗ್ಗಡೆಗಳೂ ಆಶ್ರಮದ ಸೋಮರಾಶಿ ಪಂಡಿತರಿಗೆ ಹೇಳಿಕಳಿಸಿದರು.

ಅಂದಿನಿಂದ ಪಂಡಿತರ ಶಿಷ್ಯ ಮಾಚಣನಿಗೆ ಅನ್ನ ಸೇರಲಿಲ್ಲ. ಅವನ ಚಿಕ್ಕಂದಿನಲ್ಲಿ ಇದೇ ಜ್ವರ ಮನೆಮಂದಿಯನ್ನೆಲ್ಲ ಕೊಂಡೊಯ್ದಿತ್ತು. ಅವನೊಬ್ಬ ಬದುಕಿ, ಕೆನ್ನೆ ತುಂಬ ಕಲೆಗಳನ್ನು ಹೊತ್ತು ಆಶ್ರಮಕ್ಕೆ ಬಂದಿದ್ದ. ಮೊದಲೆಲ್ಲ ಸಂಜೆಯಾದರೆ ಕವಲೂರಿನ ಕಡೆಯಿಂದ ಅಳು ಕೇಳುತ್ತಿತ್ತು. ಈಗೀಗ ಅದೂ ಕೇಳುತ್ತಿರಲಿಲ್ಲ. ಅವನಿಗೆ ಹೆಚ್ಚು ಭಯವಾಗುತ್ತಿದ್ದದ್ದು ಅದರಿಂದಲೇ.

ಭಯವಾದಾಗ ಅವನು ಲೆಕ್ಕ ಹಾಕುತ್ತಿದ್ದ. ಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೊಳೆಯ ಮರಳಿನ ಮೇಲೆ ಇಡೀ ಕವಲೂರನ್ನು ಬಿಡಿಸಿದ. ಮನೆಗೊಂದು ಗುಳಿ, ಮನೆಯಿಂದ ಮನೆಗೆ, ಮನೆಯಿಂದ ಬಾವಿಗೆ ಗೆರೆ. ಜ್ವರ ಇನ್ನೂ ತಾಗದವರಿಗೆ ಕೆಂಪು ಹರಳು, ಮಲಗಿದವರಿಗೆ ಕಪ್ಪು, ವಾಸಿಯಾಗಿ ಎದ್ದವರಿಗೆ ಬಿಳಿ. ಕೆಂಪು ಕಪ್ಪಾಗುತ್ತಿತ್ತು, ಕಪ್ಪು ಬಿಳಿಯಾಗುತ್ತಿತ್ತು. ಬಿಳಿ ಮಾತ್ರ ಮತ್ತೆ ಕಪ್ಪಾಗುತ್ತಿರಲಿಲ್ಲ. ಕಾವಲಿನವರು ತಂದ ಸುದ್ದಿಗೂ ಅವನ ಹರಳಿಗೂ ಹೊಂದಿಕೆಯಾಗುತ್ತಿತ್ತು.

ಅವನು ಗುರುಗಳನ್ನು ಕರೆತಂದು ತೋರಿಸಿದ.

"ಗುರುಗಳೇ, ನಡಿಗೆಯನ್ನು ಹುಣ್ಣಿಮೆ ಕಳೆದ ಮೇಲೆ ಇಟ್ಟುಕೊಳ್ಳೋಣ. ಅಷ್ಟರಲ್ಲಿ ಜ್ವರ ತಾನಾಗಿ ನಿಲ್ಲುತ್ತದೆ."

"ಯಾಕೆ ನಿಲ್ಲುತ್ತದೆ?"

"ಕೆಂಪು ಹರಳು ಮುಗಿಯುತ್ತವೆ. ಹಿಡಿಯಲು ಅದಕ್ಕೆ ಯಾರೂ ಸಿಗುವುದಿಲ್ಲ."

"ಎಲ್ಲವೂ ಬಿಳಿಯಾಗುತ್ತವೋ?"

ಮಾಚಣ ತಲೆಯೆತ್ತಲಿಲ್ಲ. ಅರ್ಧ ಬಿಳಿಯಾಗುತ್ತವೆ, ಉಳಿದ ಅರ್ಧವನ್ನು ಗುಳಿಯಿಂದ ಎತ್ತಿಹಾಕಬೇಕಾಗುತ್ತದೆ ಎಂದ. ಗಂಜಿ, ನೀರು, ಹತ್ತಿರ ಕೂರುವ ಜನ ಇದ್ದರೆ ಎಷ್ಟು ಎತ್ತಿಹಾಕಬೇಕಾದೀತು ಎಂದು ಗುರುಗಳು ಕೇಳಿದರು. ಕೆಲವೇ ಕೆಲವು ಎಂದು ಒಪ್ಪಿಕೊಂಡ.

"ಲೆಕ್ಕ ಸರಿಯಿದೆಯೇ, ಮಾಚಣ?"

"ಸರಿಯಿದೆ. ಕಣ್ಣು ಮುಚ್ಚಿ ನಂಬಬಹುದು."

ಗುರುಗಳು ಹೊಳೆಗಿಳಿದು ಮುಳುಗೆದ್ದರು. ಒದ್ದೆ ಬಟ್ಟೆಯಲ್ಲೇ ಒಂದು ಹೆಂಟೆ ಮಣ್ಣು ಎತ್ತಿಕೊಂಡರು. ಇವತ್ತೇ ನಡಿಗೆ ಎಂದು ಎರಡೂ ಕಡೆಯ ಕಾವಲಿಗೆ ಸುದ್ದಿ ಕಳಿಸಿದರು.

ಊರಿನ ಯಾವ ಮಗ್ಗುಲಲ್ಲಿ ನಡೆಯುತ್ತೀರಿ ಎಂದು ಮಾಚಣ ಕೇಳಿದ.

"ಮಗ್ಗುಲಲ್ಲಿ ಅಲ್ಲ. ಪ್ರತಿ ಮನೆಯ ಮುಂಬಾಗಿಲಲ್ಲಿ ಹೊಕ್ಕು ಹಿತ್ತಿಲ ಬಾಗಿಲಲ್ಲಿ ಹೊರಬರುವುದು."

"ಆಗ ಗಡಿ ಮನೆಯೊಳಗೇ ಹಾದುಹೋಗುತ್ತದೆ."

"ಹೋಗಲಿ. ಒಲೆ ಒಬ್ಬ ಹೆಗ್ಗಡೆಯದು, ಹಾಸಿಗೆ ಇನ್ನೊಬ್ಬನದು. ನಮ್ಮದಲ್ಲ ಎಂದು ಯಾರು ಹೇಳುತ್ತಾರೋ ನೋಡೋಣ."

ಅವರು ಹೆಂಟೆಯನ್ನು ತಲೆಗೆತ್ತಿಕೊಳ್ಳುವಷ್ಟರಲ್ಲಿ ಮಾಚಣ ಅವರ ಕೈ ಹಿಡಿದ. ಗುರುಗಳಿಗೆ ಈ ಜ್ವರ ಎಂದೂ ಬಂದಿಲ್ಲ, ಅವರು ಕೆಂಪು ಹರಳು. ಒಳಗೆ ಹೋದರೆ ತಾಗಿಯೇ ತೀರುತ್ತದೆ, ಹುಣ್ಣಿಮೆಯೊಳಗೆ ಮಲಗುತ್ತಾರೆ, ನಡಿಗೆ ಸುಳ್ಳಾಗುತ್ತದೆ, ಊರು ಮತ್ತೆ ಯಾರದೂ ಅಲ್ಲವಾಗುತ್ತದೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದ.

"ಹಾಗಾದರೆ ಯಾವ ಹರಳು ಹೋಗಬೇಕು?"

ಮಾಚಣನ ಕೈ ತಾನಾಗಿ ಕೆನ್ನೆಯ ಕಲೆಗಳಿಗೆ ಹೋಯಿತು. ಇಷ್ಟು ದಿನ ಊರಿಡೀ ಲೆಕ್ಕ ಹಾಕಿದವನು ತನ್ನನ್ನು ಎಲ್ಲೂ ಇಟ್ಟಿರಲಿಲ್ಲ.

ಅವನು ನೀರಿಗಿಳಿದು ಮುಳುಗೆದ್ದು ಬಂದ. ಗುರುಗಳು ಹೆಂಟೆಯನ್ನು ಅವನ ತಲೆಯ ಮೇಲಿಟ್ಟರು. ಊರ ಬಾಗಿಲವರೆಗೆ ಅವನ ಹಿಂದೆಯೇ ಬಂದರು.

ಎರಡೂ ಕಡೆಯ ಜನ ದೂರದಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದರು. ಅಲ್ಲೇ ಮೊದಲ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನ ಕತ್ತಲಿಂದ ಹೆಂಗಸೊಬ್ಬಳು, ಯಾರಪ್ಪ ಅದು, ನೀರು ಕೊಡು ಎಂದಳು. ಒಳಗಿನ ವಾಸನೆಯನ್ನು ಮಾಚಣನ ಮೈ ಮರೆತಿರಲಿಲ್ಲ. ತಾಯಿ ಮಲಗಿದ್ದ ಮೂಲೆ ನೆನಪಾಯಿತು. ಹೊಸ್ತಿಲಿನ ಮುಂದೆ ಅವನು ನಿಂತುಬಿಟ್ಟ. ತಲೆಯ ಮೇಲಿನ ಮಣ್ಣು ಕರಗಿ ಕಣ್ಣಿಗೆ ಇಳಿಯುತ್ತಿತ್ತು.

ಅವನು ತಿರುಗದೆಯೇ ಕೇಳಿದ.

"ಗುರುಗಳೇ, ನನ್ನ ಲೆಕ್ಕ ತಪ್ಪಿದ್ದರೆ?"

ಗುರುಗಳು ಹೇಳಿದರು:

"ಈ ಊರನ್ನು ಹುಣ್ಣಿಮೆಯವರೆಗೆ ಬಿಟ್ಟುಬಿಡೋಣ ಎನ್ನುವಾಗ ಅದು ಸರಿಯಿತ್ತಲ್ಲ, ಮಾಚಣ."